ಹೊಡೆಯದೆ ಆಡಿದ ಕೊಕ್ಕೆಯ ಆಟ

ಆಗ ಕಾಗವಾಡದ ಕಡೆಯ ನಮ್ಮಂಥ ಊರುಗಳಲ್ಲಿ ಮೊಬೈಲೆಂದರೆ ದೊಡ್ಡವರ ಜೇಬಿಗೂ ಅಪರೂಪ. ಮಕ್ಕಳ ಪಾಲಿಗೆ ಇದ್ದದ್ದು ಟಿವಿ ಗೇಮ್ ಒಂದೇ, ಅದೂ ಯಾರದೋ ಮನೆಯದು. ಟಿವಿಯ ಹಿಂದೆ ಹಳದಿ ವೈರು ಚುಚ್ಚಿ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಕೂರಿಸಿದರೆ ಒಮ್ಮೊಮ್ಮೆ ಆಟ ಶುರುವಾಗುತ್ತಿತ್ತು, ಒಮ್ಮೊಮ್ಮೆ ಪರದೆ ತುಂಬ ಬರೀ ಗೆರೆ. ನೀವೂ ಊದಿರುತ್ತೀರಿ, ಹೇಳುವುದೇನಿದೆ.

ನಮ್ಮ ಮನೆಗೆ ಅದು ಬಂದದ್ದು ಭಾದ್ರಪದದಲ್ಲಿ, ನಮ್ಮ ಜೈನರ ಹತ್ತು ದಿನದ ದಶಲಕ್ಷಣ ಪರ್ವದ ಮುನ್ನಾದಿನ. ಗಡಿಯಾಚೆ ಮರಾಠಿ ಸೀಮೆಯ ಇಚಲಕರಂಜಿಯ ಮಾಮಾ ಮತ್ತು ಮಾಮಿ ಮುನಿಗಳ ದರ್ಶನಕ್ಕೆಂದು ದೂರ ಹೊರಟಿದ್ದರು. ಮಗ ಪದ್ದುವನ್ನೂ ಅವನ ಟಿವಿ ಗೇಮನ್ನೂ ಪರ್ವ ಮುಗಿಯುವ ತನಕ ನಮ್ಮಲ್ಲಿ ಬಿಟ್ಟುಹೋದರು. ನಾನಾಗ ಐದನೆಯ ಇಯತ್ತೆ. ಪದ್ದು ನನಗಿಂತ ಒಂದು ವರ್ಷ ದೊಡ್ಡವನು, ಹತ್ತು ವರ್ಷ ದೊಡ್ಡವನ ಹಾಗೆ ಮಾತಾಡುತ್ತಿದ್ದ.

ಕ್ಯಾಸೆಟ್ಟಿನಲ್ಲಿ ಆಟಗಳು ಬಹಳ ಇದ್ದವು, ನನಗೆ ಹಿಡಿಸಿದ್ದು ಒಂದೇ. ಅದರ ನಾಯಕನಿಗೆ ಜಿಗಿಯಲು ಬರುತ್ತಿರಲಿಲ್ಲ. ಮೊಣಕಾಲೆತ್ತರದ ಡಬ್ಬಿ ಅಡ್ಡ ಬಂದರೂ ನಿಂತುಬಿಡುವ ಬಡಪಾಯಿ. ಆದರೆ ಅವನ ತೋಳಿನಿಂದ ಸರ್ರನೆ ಒಂದು ಕಬ್ಬಿಣದ ಕೊಕ್ಕೆ ಚಿಮ್ಮುತ್ತಿತ್ತು. ಅದು ಮೇಲಿನ ತೊಲೆಗೆ ಕಚ್ಚಿಕೊಂಡರೆ ಸಾಕು, ಹಗ್ಗಕ್ಕೆ ಜೋತುಬಿದ್ದು, ಜೀಕಿ, ಹೊಂಡ ದಾಟಿ ಆಚೆ ನಿಲ್ಲುತ್ತಿದ್ದ. ಪಂಚಮಿಯ ಜೋಕಾಲಿ ಬಿಚ್ಚಿ ಇನ್ನೂ ತಿಂಗಳಾಗಿರಲಿಲ್ಲ. ಆ ಜೀಕಿನ ರುಚಿ ಮೈಯಲ್ಲಿ ಇದ್ದೇ ಇತ್ತು, ಅದಕ್ಕೇ ಇರಬೇಕು ಅವನು ನನಗೆ ಅಷ್ಟು ಬೇಗ ನಮ್ಮವನಾದ. ಒಂದು ಬಟನ್ನಿಗೆ ಕೊಕ್ಕೆ, ಇನ್ನೊಂದಕ್ಕೆ ಬಂದೂಕು. ಕೊನೆಯ ಕೋಟೆಯಲ್ಲಿ ಒಬ್ಬ ದಪ್ಪ ಸರದಾರ ಇದ್ದಾನಂತೆ. ಪದ್ದು ತನ್ನ ಓಣಿಯ ಹುಡುಗರಿಂದ ಕೇಳಿದ್ದನೇ ಹೊರತು ತಾನೇ ಅಲ್ಲಿವರೆಗೆ ಮುಟ್ಟಿರಲಿಲ್ಲ. ಮಾಮಾ ಬಂದು ಗೇಮ್ ಒಯ್ಯುವುದರೊಳಗೆ ಅದನ್ನು ಮುಗಿಸಲೇಬೇಕು ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಪರ್ವದ ಮೊದಲ ದಿನ ಬಸದಿಯಿಂದ ಬಂದ ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲಲ್ಲೇ ನಿಂತಳು. ನಾನು ಸಾಲಾಗಿ ಸಿಪಾಯಿಗಳನ್ನು ಉರುಳಿಸುತ್ತಿದ್ದೆ.

“ಸುಜೀ, ಅವರ್ನ ಯಾಕ ಹೊಡ್ಯಾಕತ್ತಿ? ಏನ ಮಾಡ್ಯಾರ ನಿನಗ?”

“ಖರೇ ಮಂದಿ ಅಲ್ಲ ಬೇ ಆಯೀ, ಚಿತ್ರ.”

“ಚಿತ್ರ ಆದ್ರೇನಾತು? ಹಿಟ್ಟಿನ ಕೋಳಿ ಮಾಡಿ ಕೊಯ್ದ್ರೂ ಪಾಪ ತಪ್ಪೂದಿಲ್ಲಂತ ಪ್ರವಚನದಾಗ ಕೇಳಿಲ್ಲೇನು? ಕೈ ಹೊಡೀಲಿ ಬಿಡ್ಲಿ, ಮನಸಂತೂ ಹೊಡೀತೈತಿ.”

ಆಯಿಯ ಜೊತೆ ವಾದಕ್ಕೆ ನಿಂತು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ಅಪ್ಪನೂ ಸೇರಿ. ಟಿವಿ ಬಂದ್ ಮಾಡಿಸುತ್ತಾಳೆ ಎಂದುಕೊಂಡೆ. ಮಾಡಿಸಲಿಲ್ಲ. ಬೇಕಾದಷ್ಟು ಆಡು, ಆದರೆ ಪರ್ವ ಮುಗಿಯುವ ತನಕ ಯಾರನ್ನೂ ಹೊಡೆಯುವುದಿಲ್ಲ ಎಂದು ನೇಮ ತಗೋ ಎಂದಳು. ಉಳ್ಳಾಗಡ್ಡಿ, ಬಟಾಟೆ, ಕಾಯಿಪಲ್ಲೆ ಎಲ್ಲವನ್ನೂ ಬಿಟ್ಟು ಕೂತಿದ್ದ ಮನೆಯಲ್ಲಿ ಒಂದು ಬಂದೂಕು ಬಿಡುವುದು ನನಗೆ ದೊಡ್ಡದೆನಿಸಲಿಲ್ಲ. ಕೈಮುಗಿದು ನೇಮ ತೆಗೆದುಕೊಂಡೆ. ಪದ್ದು ಹಣೆ ಚಚ್ಚಿಕೊಂಡ.

“ಹೊಡೀಲಾರ್ದ ಈ ಆಟ ಹ್ಯಾಂಗ ಮುಗಸ್ತೀ? ಯೇಡಿ ಆಹೇಸ್ ಕಾ ತೂ?”

ಹುಚ್ಚಿಯೇ ಇರಬೇಕು ನಾನು. ಬಂದೂಕಿನ ಬಟನ್ನಿನ ಮೇಲೆ ಅವ್ವನ ಹಣೆಯ ಟಿಕಳಿಯೊಂದನ್ನು ಅಂಟಿಸಿದೆ, ಬೆರಳಿಗೆ ನೆನಪಿರಲೆಂದು. ಸಾಲಿ ಬಿಟ್ಟ ಮೇಲೆ, ಹೊತ್ತು ಮುಳುಗುವ ಮುಂಚಿನ ಊಟದ ತನಕ ನಮ್ಮ ಆಟ. ಹೊರಗೆ ಜಿಟಿಜಿಟಿ ಮಳೆ, ಒಲೆಯ ಮೇಲೆ ಹೆಸರುಬೇಳೆಗೆ ಬೀಳುವ ತುಪ್ಪದ ಒಗ್ಗರಣೆ, ಹಸಿ ಗೋಡೆಯ ವಾಸನೆ. ಮೊದಮೊದಲು ಹೆಜ್ಜೆಹೆಜ್ಜೆಗೂ ಸತ್ತೆ. ಆಮೇಲೆ ಕೊಕ್ಕೆಯ ಗುಟ್ಟು ಸಿಕ್ಕಿತು. ಸಿಪಾಯಿ ಬರುವಾಗ ಮೇಲಿನ ತೊಲೆಗೆ ಕೊಕ್ಕೆ ಹಾಕಿ ಜೋತುಬೀಳಬೇಕು, ಅವನು ಕೆಳಗಿನಿಂದ ದಾಟಿಹೋಗುವ ತನಕ ಉಸಿರು ಹಿಡಿದಿರಬೇಕು, ಆಮೇಲೆ ಮೆಲ್ಲಗೆ ಇಳಿಯಬೇಕು. ಪದ್ದು ಬಡಬಡ ಹೊಡೆದು ಓಡುತ್ತಿದ್ದ ಜಾಗದಲ್ಲಿ ನಾನು ಬೇಕಾದಷ್ಟು ಹೊತ್ತು ಕಳೆಯುತ್ತಿದ್ದೆ, ಅವನಿಗೆ ಕಾಣದಿದ್ದ ದಾರಿಗಳೆಲ್ಲ ನನಗೆ ಕಂಡವು.

ಆಯಿಗೆ ಪರ್ವದಲ್ಲಿ ದಿನಕ್ಕೆ ಒಂದೇ ಊಟ. ಮಧ್ಯಾಹ್ನದ ಮೇಲೆ ಹತ್ತಿಯ ಬತ್ತಿ ಹೊಸೆಯುತ್ತ ನನ್ನ ಬೆನ್ನ ಹಿಂದೆ ಕೂರುತ್ತಿದ್ದಳು. ನೇಮ ಕಾಯಲು ಎಂದುಕೊಂಡಿದ್ದೆ. ಎರಡೇ ದಿನದಲ್ಲಿ ಬತ್ತಿ ತೊಡೆಯ ಮೇಲೆ ಹಾಗೇ ಉಳಿಯತೊಡಗಿತು.

“ಗಡಬಡ ಮಾಡಬ್ಯಾಡ. ಅವ ಆ ಕಡೆ ಮಾರಿ ತಿರಗಸ್ಲಿ. ಹಾಂ, ಈಗ ಹಾಕ ಕೊಕ್ಕಿ.”

ಒಮ್ಮೆ ಕೊಕ್ಕೆ ಸಿಪಾಯಿಗೇ ತಾಗಿ ಅವನು ಹಿಂದಕ್ಕೆ ಸರಿದ. ನೇಮ ಮುರಿಯಿತೇನೋ ಎಂದು ಹೆದರಿ ಆಯಿಯ ಮುಖ ನೋಡಿದೆ. ಆಕೆ ಬಹಳ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟಳು: “ದೂಡಿದ್ರ ಪಾಪಿಲ್ಲ. ಮುನಿಗಳು ಕೂಡೂ ಮುಂಚೆ ನವಿಲಗರಿಲೇ ಇರುವಿ ಸರಸೂದಿಲ್ಲೇನು, ಹಂಗ.”

ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯ ಸಂಜೆ ನಾನು ಕೋಟೆಯೊಳಗೆ ಹೊಕ್ಕೆ. ಮರುದಿನ ಮುಂಜಾನೆ ಮಾಮಾ ಬರುವವರಿದ್ದರು. ಕರೆಂಟು ಹೋದರೆ ಎಲ್ಲ ಮೊದಲಿಂದ, ಅದರ ಹೆದರಿಕೆ ಬೇರೆ. ಆಯಿ ಅಂದು ನೀರನ್ನೂ ಬಿಟ್ಟಿದ್ದಳು, ಗೋಡೆಗೆ ಒರಗಿ ಕೂತಿದ್ದಳು. ಕೊನೆಯ ಪಡಸಾಲೆಯಲ್ಲಿ ಸರದಾರ ನಿಂತಿದ್ದ, ಅವನ ಬೆನ್ನಿಗೆ ಬಾಗಿಲು. ಎಲ್ಲ ಕಡೆ ಕೊಕ್ಕೆ ಎಸೆದು ನೋಡಿದೆ, ಅವನನ್ನು ದಾಟುವ ದಾರಿ ಇರಲಿಲ್ಲ. ಮಾಡಿನ ತೊಲೆಗೆ ಜೋತುಬಿದ್ದರೆ ಅವನ ಗುಂಡು ತಾಗುತ್ತಿರಲಿಲ್ಲ, ಅಷ್ಟೇ.

“ಅವ ಬಿದ್ರ ಬಾಗಲ ತಗೀತೈತಿ, ಆಟ ಮುಗೀತು. ಮಾರ್ ನಾ ತ್ಯಾಲಾ, ಹೊಡಿ ಅವನ್ನ” ಎಂದ ಪದ್ದು. ಕೈ ಚಾಚಿದ. “ನೀ ಹೊಡೀಬ್ಯಾಡ, ನನ್ನ ಕೈಯಾಗ ಕೊಡ. ನಾ ಏನ ನೇಮ ತಗೊಂಡಿಲ್ಲ.”

ನಾನು ಆಯಿಯ ಕಡೆ ನೋಡಿದೆ. ಬೇಡ ಅನ್ನಲಿ ಎಂದು ಒಂದು ಮನಸ್ಸು, ಹೂಂ ಅನ್ನಲಿ ಎಂದು ಇನ್ನೊಂದು.

“ನನ್ನ ಮಾರಿ ಯಾಕ ನೋಡ್ತಿ? ನೇಮ ನಿಂದು” ಎಂದಳು.

ಟಿಕಳಿಯ ಮೇಲೆ ಹೆಬ್ಬೆರಳು ಇತ್ತು. ಅಳು ಬಂತು. ಇಷ್ಟು ಜನರ ತಲೆಯ ಮೇಲಿಂದ, ಒಬ್ಬರ ಕೂದಲೂ ಕೊಂಕದ ಹಾಗೆ ಬಂದಿದ್ದೆ. ಈಗ ಇವನೊಬ್ಬನನ್ನು ಹೊಡೆದರೆ ಅದೆಲ್ಲ ನೀರಿಗೆ ಹೋದ ಹಾಗೆ. ಬೆರಳು ತೆಗೆದೆ. ಪದ್ದುವಿಗೂ ಕೊಡಲಿಲ್ಲ. ಅವನು ಸಿಟ್ಟಾಗುತ್ತಾನೆ ಎಂದುಕೊಂಡರೆ ಸುಮ್ಮನೆ ನನ್ನ ಪಕ್ಕ ಬಂದು ಕೂತ. ನನ್ನ ನಾಯಕ ತೊಲೆಗೆ ಜೋತು ಬಿದ್ದಿದ್ದ, ಕೆಳಗೆ ಗುಂಡುಗಳು ಹಾದುಹೋಗುತ್ತಿದ್ದವು, ಮೂವರೂ ನೋಡುತ್ತ ಕೂತೆವು.

“ನಾಳಿ ಕ್ಷಮಾವಾಣಿ, ಎಲ್ಲಾರ್ನೂ ಕ್ಷಮಾ ಕೇಳೂ ದಿನ. ಅಷ್ಟೊತ್ತಿಗೆ ಈ ಸರದಾರ ಇರೂದಿಲ್ಲ” ಎಂದಳು ಆಯಿ. “ಮೊದಲನೇ ದಿನ ಹೊಡದೀ ನೋಡು, ಅವರ ಸಲುವಾಗಿ ಇವನ್ನ ಈಗ ಕೇಳಿಬಿಡು.”

ನಾನು ಟಿವಿಗೆ ಕೈಮುಗಿದು ಕ್ಷಮೆ ಕೇಳಿದೆ. ಪದ್ದು ನಕ್ಕ, ಆಮೇಲೆ ಅವನೂ ಕೈಮುಗಿದ. ಅವನ ಲೆಕ್ಕ ನನ್ನದಕ್ಕಿಂತ ಎಷ್ಟೋ ದೊಡ್ಡದಿತ್ತಲ್ಲ. ಸರದಾರ ಮಾತ್ರ ಯಾರನ್ನೂ ಕ್ಷಮಿಸದೆ ಗುಂಡು ಹಾರಿಸುತ್ತಲೇ ಇದ್ದ. ಹೊತ್ತು ಮುಳುಗುತ್ತದೆ ಎಂದು ಅವ್ವ ಒಳಗಿನಿಂದ ಕೂಗಿದಳು. ಟಿವಿ ಬಂದ್ ಮಾಡಿ ಊಟಕ್ಕೆ ಹೋದೆವು. ಸೋತೆ ಎಂದು ನನಗೆ ಅನ್ನಿಸಲೇ ಇಲ್ಲ. ಅಷ್ಟು ಹಸಿವಾದದ್ದು, ಅಷ್ಟು ಹಗುರಾಗಿ ಉಂಡದ್ದು ಕಡಿಮೆ.

ಆಯಿ ಹೋಗಿ ಬಹಳ ವರ್ಷವಾಯಿತು, ಅಪ್ಪ ಅವ್ವನೂ ಇಲ್ಲ. ಹೋದ ತಿಂಗಳು ನನ್ನ ಮಗಳು ಆ ಆಟವನ್ನು ಎಲ್ಲಿಂದಲೋ ಹುಡುಕಿ ಮೊಬೈಲಿಗೆ ಹಾಕಿಕೊಟ್ಟಳು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಪರ್ವವಲ್ಲ, ನೇಮವಲ್ಲ, ಆದರೂ ಸಿಪಾಯಿಗಳ ತಲೆಯ ಮೇಲಿಂದಲೇ ಜೀಕಿಕೊಂಡು ಹೋದೆ. ಸರದಾರನ ಎದುರು ನಿಂತುಬಿಟ್ಟೆ.

“ಹೊಡಿ ಮಮ್ಮೀ, ಅವಂದೇನೈತಿ” ಎಂದಳು ಮಗಳು.

“ಬ್ಯಾಡ ಬಿಡ.”

“ಯಾಕ? ಹೊಡದ್ರ ಯಾರ ಬೈತಾರ ನಿನಗ?”

“ಈಗ ಯಾರೂ ಇಲ್ಲ” ಎಂದೆ. ಮಗಳು ನನ್ನ ಮುಖ ನೋಡಿ ಮೆಲ್ಲಗೆ ಮೊಬೈಲು ಇಸಿದುಕೊಂಡಳು.