ಕೆರೆಗೆ ಹೊರಟ ಖಡಕ್ ರೊಟ್ಟಿ

ಚಂದವ್ವ ಬಲು ತಾಳ್ಮೆಯ ಹೆಂಗಸು ಎಂದು ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಚಾಳಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗಾದರೆ ಸ್ಟೋವಿನ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡುವವಳಿಗೆ ಸಿಟ್ಟು ಮಾಡಿಕೊಳ್ಳಲಾದರೂ ಪುರುಸೊತ್ತು ಬೇಡವೇ?

ನಮ್ಮದು ಅವಳ ಗೋಡೆಯಾಚೆಯ ಮನೆ. ನಾನು ರಮಾಮಣಿ, ಮೈಸೂರು ಕಡೆಯವಳು. ಅವಳು ವಿಜಾಪುರ ಜಿಲ್ಲೆಯ ಭೀಮಾ ದಂಡೆಯ ಹಳ್ಳಿಯವಳು. ಅವಳ ಗಂಡ ಮುಂಡಪ್ಪ ಬಣ್ಣದ ಕಾರ್ಖಾನೆಯಲ್ಲಿ ಹಮಾಲಿ ಮಾಡುತ್ತಿದ್ದ. ಇದ್ದ ಒಂದೇ ಖೋಲಿಯಲ್ಲಿ ಚಂದವ್ವ ಖಾನಾವಳಿ ನಡೆಸುತ್ತಿದ್ದಳು. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಕೂಲಿಗಳು ಪಾಳಿ ಬಿಟ್ಟ ಹಾಗೆ ಬಂದು ಉಂಡು ಹೋಗುತ್ತಿದ್ದರು.

ಹುಡುಗಿಯಾಗಿದ್ದಾಗ ಅವಳು ಹೊಳೆಯಲ್ಲಿ ಗಂಡುಹುಡುಗರನ್ನು ಹಿಂದೆ ಹಾಕಿ ಈಜುತ್ತಿದ್ದಳಂತೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವಳು ಕಂಡ ನೀರೆಂದರೆ ಚಾಳಿನ ನಲ್ಲಿಯದು, ಅದೂ ಜಗಳವಾಡಿ ಹಿಡಿದದ್ದು.

"ರಮಾ, ಒಂದ್ ದಿನ ಈ ಸ್ಟೋವಿನ ಸಪ್ಪಳ ಕೇಳಬಾರ್ದವಾ. ತುಂಬಿದ ನೀರಾಗ ಕುತ್ತಿಗಿಮಟ ಇಳದು ನಿಂದರಬೇಕು. ಅಷ್ಟ ನನ್ನ ಆಸೆ," ಎನ್ನುತ್ತಿದ್ದಳು.

೧೯೮೩ರ ಚಳಿಗಾಲದಲ್ಲಿ ನಮ್ಮ ಕನ್ನಡ ಮಂಡಳಿಯ ಗಂಡಸರಿಗೆ ಕಾಡಿನ ಹುಚ್ಚು ಹಿಡಿಯಿತು. ಶಹಾಪುರದ ಆಚೆ ಕಾಡಿನ ನಡುವೆ ಒಂದು ಕೆರೆಯಿದೆ, ದಡದಲ್ಲಿ ಮರದ ಕ್ಯಾಬಿನ್ನುಗಳಿವೆ, ಶನಿವಾರ ಹೋಗಿ ಅಲ್ಲೇ ತಂಗಿ ಭಾನುವಾರ ಬರಬಹುದು ಎಂದು ಯಾರೋ ಹೇಳಿದ್ದರು. ಮಂಡಳಿಯ ಕಾರ್ಯದರ್ಶಿ ಪುಂಡರೀಕಾಕ್ಷ. ಉಡುಪಿ ಕಡೆಯವರು, ಮುಂಡಪ್ಪನ ಕಾರ್ಖಾನೆಯಲ್ಲೇ ಹೆಡ್ ಕ್ಲಾರ್ಕು. ಅವರು ಮನೆಗಳ ಮುಂದಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಸಿಕೊಂಡು ಯೋಜನೆ ಹಾಕಿದ್ದೇ ಹಾಕಿದ್ದು. ಮಟಡೋರ್ ಗಾಡಿ ಯಾರದು, ಹಾಸಿಗೆ ಒಯ್ಯಬೇಕೇ, ಇಸ್ಪೀಟು ಯಾರು ತರಬೇಕು ಎಂದು ಯುದ್ಧಕ್ಕೆ ಹೊರಟವರ ಹಾಗೆ ಚರ್ಚೆ ನಡೆಯಿತು. ಹೆಂಗಸರನ್ನು ಕರೆದೊಯ್ಯುವ ಮಾತು ಅಪ್ಪಿತಪ್ಪಿಯೂ ಬರಲಿಲ್ಲ. ಚಹಾ ಮಾತ್ರ ನಮ್ಮ ಮನೆಗಳಿಂದಲೇ ಹೋಗುತ್ತಿತ್ತು.

ಚಹಾ ಕೊಡಲು ಹೋದ ಚಂದವ್ವ ಅಲ್ಲೇ ನಿಂತು ಕೇಳಿಯೇಬಿಟ್ಟಳು. "ನಾನೂ ಬರ್ತೀನ್ರಿ. ಕೆರಿ ನೋಡಬೇಕು."

ಗಂಡನೂ ಹೊರಟಿದ್ದರಿಂದ ಯಾರೂ ಬೇಡ ಅನ್ನಲಿಲ್ಲ. ಪುಂಡರೀಕಾಕ್ಷರಂತೂ ಹಿಗ್ಗಿಬಿಟ್ಟರು. "ಬನ್ನಿ ಚಂದವ್ವ, ಧಾರಾಳ ಬನ್ನಿ! ಅಲ್ಲಿ ಅಡಿಗೆ ಕೋಣೆ ಉಂಟಂತೆ. ನೀವಿದ್ರೆ ನಮ್ಗೆ ಊಟದ್ದು ಎಂತ ಚಿಂತೆ ಮಾರಾಯ್ರೆ?"

"ಅಲ್ಲಿ ನಾ ಒಲಿ ಹಚ್ಚಂಗಿಲ್ರಿ," ಎಂದಳು ಚಂದವ್ವ. "ಇಲ್ಲೇ ಬುತ್ತಿ ಕಟ್ಟತೀನಿ. ಎಲ್ಲಾರಿಗೂ ಸಾಕಾಗುವಷ್ಟು ಖಡಕ್ ರೊಟ್ಟಿ, ಚಟ್ನಿ. ಅಲ್ಲಿ ಕೈ ತೊಳಕೊಂಡು ಉಣ್ಣೂದಷ್ಟ."

ಅವರ ಕಡೆ ದೂರ ಹೊರಡುವವರು ಬುತ್ತಿ ಕಟ್ಟುವುದೇ ಹೀಗೆ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಕಾವಿಗೆ ಒರಗಿಸಿ ಒಂದಿಷ್ಟೂ ಪಸೆಯಿಲ್ಲದಂತೆ ಒಣಗಿಸಿದರೆ ವಾರಗಟ್ಟಲೆ ಕೆಡುವುದಿಲ್ಲ. ಹೋದಲ್ಲಿ ಒಲೆ ಹುಡುಕುವ ಕೆಲಸವಿಲ್ಲ. ಆ ವಾರವೆಲ್ಲ ಖಾನಾವಳಿಯ ಮಧ್ಯಾಹ್ನದ ಊಟ ಮುಗಿದ ಮೇಲೆ ಅವಳು ಬಡಿದಳು, ನಾನು ಒಣಗಿಸಿದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ ಕುಟ್ಟಿದೆವು. ಶೇಂಗಾ ಹೋಳಿಗೆ ಮಾಡಿದೆವು. ದೊಡ್ಡ ಬಿದಿರಿನ ಬುಟ್ಟಿ ತುಂಬಿತು. ಅವಳು ಟ್ರಂಕಿನಿಂದ ಇಳಕಲ್ ಸೀರೆ ತೆಗೆದಿಟ್ಟಳು. ರೊಟ್ಟಿ ಬಡಿಯುತ್ತ ಅವಳು ನಗುವುದನ್ನು ನಾನು ಕಂಡದ್ದು ಆಗಲೇ.

ಹೊರಡುವ ಹಿಂದಿನ ಸಂಜೆ ಪುಂಡರೀಕಾಕ್ಷ ಬಂದರು. ಬುಟ್ಟಿಯ ಬಟ್ಟೆ ಸರಿಸಿ ನೋಡಿ, ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯುತ್ತಲೇ ಹೇಳಿದರು.

"ಗಾಡಿ ಫುಲ್ ಆಯ್ತು ಚಂದವ್ವ. ನಮ್ಮ ಕಾರ್ಖಾನೆ ಸಾಹೇಬ್ರ ಭಾವ ಬರ್ತಾರೆ, ಇಲ್ಲ ಅನ್ಲಿಕ್ಕೆ ಆಗ್ತದಾ? ಹೇಗೂ ಅಡಿಗೆ ಎಲ್ಲ ಇಲ್ಲೇ ಆಯ್ತಲ್ಲ. ಇನ್ನು ನೀವು ಅಲ್ಲಿ ಬಂದು ಎಂತ ಮಾಡುದು?"

ಎಂತ ಮಾಡುವುದಂತೆ! ಇಸ್ಪೀಟಾಡಲು ಹೊರಟ ಅಷ್ಟು ಗಂಡಸರಲ್ಲಿ ಒಬ್ಬನನ್ನಾದರೂ ಯಾರಾದರೂ ಹಾಗೆ ಕೇಳಿದ್ದರೇ? ನನ್ನ ಸಿಟ್ಟು ನೆತ್ತಿಗೇರಿತು. ಒಲೆಯಿಂದ ಬಿಡಿಸಿಕೊಳ್ಳಲೆಂದೇ ಅವಳು ವಾರವಿಡೀ ಒಲೆಯ ಮುಂದೆ ಬೆಂದದ್ದು. ಅದೇ ರೊಟ್ಟಿಯ ನೆಪ ಹೇಳಿ ಅವಳ ಜಾಗ ಕಿತ್ತುಕೊಂಡರು. ಮುಂಡಪ್ಪ ಹೆಡ್ ಕ್ಲಾರ್ಕಿನ ಮುಂದೆ ಕೈಕಟ್ಟಿ ನಿಂತಿದ್ದ. ಅವನ ಜಾಗಕ್ಕೇನೂ ಕುತ್ತು ಬಂದಿರಲಿಲ್ಲ. ಸಾಮಾನು ಹೊರಲು ಆಳು ಬೇಕಲ್ಲ.

"ಹೋಗ್ಲಿ ಬಿಡ, ಮುಂದಿನ ಸರತಿ ಹೋದ್ರಾತು," ಎಂದ ಹೆಂಡತಿಗೆ.

ನನ್ನ ಯಜಮಾನರೂ ಹೊರಟವರ ಪೈಕಿ. ನಿಮ್ಮ ಜಾಗ ಅವಳಿಗೆ ಬಿಟ್ಟುಕೊಡಿ ಎಂದೆ. "ಹಾಗೆಲ್ಲ ಮಾಡಿದ್ರೆ ಪುಂಡರೀಕಾಕ್ಷ ಬೇಜಾರು ಮಾಡ್ಕೋತಾರೆ ಕಣೇ," ಎಂದರು. ಚಂದವ್ವನ ಬೇಜಾರು ಮಾತ್ರ ಯಾರ ಲೆಕ್ಕಕ್ಕೂ ಇರಲಿಲ್ಲ.

ಅವಳು ಬುಟ್ಟಿಗೆ ಮತ್ತೆ ಬಟ್ಟೆ ಮುಚ್ಚಿದಳು. ಎಷ್ಟು ತಾಳ್ಮೆಯ ಹೆಂಗಸು ಎಂದುಕೊಂಡೇ ಪುಂಡರೀಕಾಕ್ಷ ಮೆಟ್ಟಿಲು ಇಳಿದಿರಬೇಕು.

ಬೆಳಿಗ್ಗೆ ಮಟಡೋರ್ ಬಂದು ಹಾರ್ನ್ ಹೊಡೆಯಿತು. ಚಂದವ್ವ ಇಳಕಲ್ ಸೀರೆ ಉಟ್ಟು ಕೆಳಗಿಳಿದಳು. ಗಾಡಿಯ ಮುಂದೆ ಒಂದು ಡಬ್ಬಿಯನ್ನೂ ರೊಟ್ಟಿ ಬೇಯಿಸುವ ಹಂಚನ್ನೂ ಇಟ್ಟಳು. ಸಾಹೇಬರ ಭಾವ ಮುಂದಿನ ಸೀಟಿನಿಂದ ಬಗ್ಗಿ ನೋಡಿದ.

"ರೊಟ್ಟಿ ಎಲ್ಲಿ ಮಾರಾಯ್ರೆ?" ಎಂದರು ಪುಂಡರೀಕಾಕ್ಷ.

"ಡಬ್ಬ್ಯಾಗ ಹಿಟ್ಟೈತಿ. ಹಂಚೈತಿ. ಅಲ್ಲಿ ಅಡಗಿ ಕ್ವಾಣಿ ಐತಿ ಅಂತ ನೀವ ಹೇಳೀರಿ. ನೀರಿಗೇನು, ಕೆರಿ ತುಂಬ ಐತಿ. ಬಡಕೊಂಡು ತಿನ್ರಿ."

"ಏ ಹುಚ್ಚೀ, ಬುಟ್ಟಿ ತಾ!" ಎಂದು ಮುಂಡಪ್ಪ ಗದರಿದ.

ಆಗ ಅವಳ ದನಿ ಏರಿತು. ಗ್ಯಾಲರಿಗಳಲ್ಲೆಲ್ಲ ಜನ ಬಂದು ನಿಂತರು. "ಬುತ್ತಿ ಕಟ್ಟೂದು ಹೊಂಟವರಿಗೆ! ನಾ ಹೊಂಟೀನಂತ ಕಟ್ಟೀನಿ. ನನ್ನ ಬಿಟ್ಟು ನನ್ನ ರೊಟ್ಟಿ ಅಷ್ಟ ಗಾಡಿ ಹತ್ತಬೇಕೇನು? ನನ್ನ ಕೈ ಬೇಕು, ನಾ ಬ್ಯಾಡೇನು? ಯಾವ ಊರ ನ್ಯಾಯಾರೀ ಇದು?"

ಪುಂಡರೀಕಾಕ್ಷ ವಾಚು ನೋಡಿಕೊಂಡರು. ಕೊನೆಗೆ ಹಿಟ್ಟನ್ನೂ ಹಂಚನ್ನೂ ಅಲ್ಲೇ ಬಿಟ್ಟು ಗಾಡಿ ಹೊರಟಿತು. ಮುಂಡಪ್ಪನೂ ಹತ್ತಿದ. ನನ್ನ ಯಜಮಾನರು ನನ್ನ ಮುಖ ನೋಡದೆ ಹತ್ತಿದರು.

ಚಂದವ್ವ ಖಾನಾವಳಿಗೆ ಬೀಗ ಹಾಕಿದಳು. "ನಡಿ ರಮಾ. ಬದಲಾಪುರದ ಆಚೆ ಕಾಡಿನ್ಯಾಗ ಬಾರ್ವಿ ಡ್ಯಾಮ್ ಐತಂತ. ಉಣ್ಣಾಕ ಬರೋರು ಹೇಳ್ಯಾರ. ಅದೂ ನೀರ ಅಲ್ಲೇನು?"

ಬುಟ್ಟಿಯನ್ನು ಇಬ್ಬರೂ ಹಿಡಿದುಕೊಂಡು ಬದಲಾಪುರ ಲೋಕಲ್ ಹತ್ತಿದೆವು. ಅಲ್ಲಿಂದ ಎಸ್‌ಟಿ ಬಸ್ಸು. ದಾರಿಯುದ್ದಕ್ಕೂ ಅವಳು ಬಯ್ದಳು. ಪುಂಡರೀಕಾಕ್ಷರನ್ನು, ಗಂಡನನ್ನು, ಕಂಡೇ ಇರದ ಸಾಹೇಬರನ್ನು. ಅವಳು ಬಯ್ಯದೆ ಬಿಟ್ಟವರನ್ನು ನಾನು ಬಯ್ದೆ.

ನೀರಿನ ಸುತ್ತ ಸಾಗುವಾನಿ ಕಾಡು. ಕ್ಯಾಬಿನ್ನು ಇರಲಿಲ್ಲ, ನಮಗೆ ಬೇಕಾಗಿಯೂ ಇರಲಿಲ್ಲ. ಚಂದವ್ವ ಜೊತೆಗೆ ತಂದಿದ್ದ ಹಳೆಯ ಸೀರೆ ಸುತ್ತಿಕೊಂಡು ಕುತ್ತಿಗೆಯವರೆಗೆ ಇಳಿದಳು. ಆಮೇಲೆ ಈಜತೊಡಗಿದಳು. ದಡದಲ್ಲಿ ನಿಂತು ನಾನು ಹೆದರಿ ಕೂಗಿಕೊಂಡೆ. ಅವಳು ಮೇಲೆ ಬಂದು ಬಂಡೆಯ ಮೇಲೆ ಕೂತಾಗಲೂ ಮುಖ ಬಿಗಿದೇ ಇತ್ತು.

ಅಭ್ಯಾಸಬಲದಿಂದ ಅವಳೇ ಬುಟ್ಟಿ ಬಿಚ್ಚಲು ಬಂದಳು. ನಾನು ಅವಳ ಕೈ ತಳ್ಳಿ, ತಟ್ಟೆಗೆ ರೊಟ್ಟಿ ಹಾಕಿ, ಚಟ್ನಿ ಬಡಿಸಿ ಮುಂದಿಟ್ಟೆ. ಅವಳು ತಟ್ಟೆಯನ್ನೇ ನೋಡುತ್ತ ಕೂತಳು. ಮದುವೆಯಾಗಿ ಬಂದ ಮೇಲೆ ಅವಳಿಗೆ ಯಾರೂ ಬಡಿಸಿರಲಿಲ್ಲ.

"ಸಿಟ್ಟು ಇಳೀತಾ ಅಕ್ಕಾ?" ಎಂದೆ.

"ಇಲ್ಲವಾ. ಯಾಕ ಇಳೀಬೇಕು?" ಎಂದು ರೊಟ್ಟಿ ಮುರಿದಳು. ಮುಗಿಸಿ, ತಟ್ಟೆಯನ್ನು ನನ್ನ ಮುಂದೆ ಚಾಚಿದಳು. "ಇನ್ನೊಂದು ಹಾಕ."