ನಿಪ್ಪಾಣಿಯವರೆಗೆ ಇಟಲಿ ಗಾಡಿ

ಬಿಸಿ ಎಂಜಿನ್ ಮೇಲೆ ಮಳೆಹನಿ ಬಿದ್ದರೆ ಒಂದು ವಾಸನೆ ಏಳುತ್ತದೆ. ಸುಟ್ಟ ಆಯಿಲ್, ಪೆಟ್ರೋಲ್, ಒದ್ದೆ ಧೂಳು ಎಲ್ಲ ಕೂಡಿದ ವಾಸನೆ. ಹೋದ ವಾರ ನಿಪ್ಪಾಣಿಯಲ್ಲಿ ಹೈವೇ ಪಕ್ಕದ ಹೋಟೆಲಿನಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಅಷ್ಟರಲ್ಲಿ ಎಮ್ಮೆಯಂಥ ದೊಡ್ಡ ಮೋಟಾರ್ ಸೈಕಲ್ಲೊಂದು ಬಂದು ನನ್ನೆದುರೇ ನಿಂತಿತು. ಎಂಜಿನ್ ಮೇಲೆ ಹನಿಗಳು ಚಿರ್ ಚಿರ್ ಎಂದವು, ಆ ವಾಸನೆ ಬಂತು ನೋಡಿ, ಕೈಯಲ್ಲಿದ್ದ ಕಪ್ಪು ಅರ್ಧಕ್ಕೇ ನಿಂತಿತು. ಅಯ್ಯ ನನ್ನ ಶಿವನೇ, ಎಷ್ಟು ವರ್ಷವಾಯಿತು... ಶೇಡಬಾಳದ ನಮ್ಮ ಮನಿ ಮಾಲಕರು ಎದುರಿಗೇ ಬಂದು ನಿಂತಂತಾಯಿತು.

ಎಂಬತ್ತರ ದಶಕದ ನಡುವಿನ ಮಾತು. ಶೇಡಬಾಳಕ್ಕೆ ನಾನು ಹೊಸದಾಗಿ ನರ್ಸ್ ಆಗಿ ಹೋಗಿದ್ದೆ. ಜೈನರ ಓಣಿಯಲ್ಲಿ ಒಬ್ಬರ ಮನೆಯ ಮುಂಭಾಗದ ಎರಡು ಖೋಲಿ ಬಾಡಿಗೆಗೆ ಸಿಕ್ಕವು. ನಾನು ಬಳ್ಳುಳ್ಳಿ ಒಗ್ಗರಣೆ ಹಾಕುವಾಗ ಅವರ ಕಡೆಯ ಕಿಡಕಿ ಮುಚ್ಚಬೇಕು, ಅದೊಂದೇ ಕರಾರು. ಮನೆಯ ಯಜಮಾನರನ್ನು ನಾನು ಮಾಲಕರು ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕಾರು ಎನ್ನುತ್ತಿದ್ದೆ. ಅವರಿಬ್ಬರಿಗೂ ನಾನು ನರ್ಸಬಾಯಿ. ಮಾಲಕರಿಗೆ ಆಗ ನಲವತ್ತರ ಆಸುಪಾಸು. ದ್ರಾಕ್ಷಿ ತೋಟ, ಕಬ್ಬು, ಎರಡು ಎಮ್ಮೆ. ಮಾತು ಕಡಿಮೆ, ಆದರೆ ಆಡಿದ ಒಂದು ಮಾತಿಗೆ ಎದುರಿನವರು ಹೊಟ್ಟೆ ಹಿಡಿದುಕೊಂಡು ನಗಬೇಕು, ಹಾಗಿತ್ತು ಅವರ ನಾಲಿಗೆ.

ಆ ವರ್ಷ ದ್ರಾಕ್ಷಿ ಚೆನ್ನಾಗಿ ಬಂದಿತ್ತು. ಸೈಕಲ್ ತುಳಿದದ್ದು ಸಾಕು, ಒಂದು ಗಾಡಿ ತಗೊಳ್ಳೋಣ ಎಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದರು. ಯಾವ ಗಾಡಿ ಎಂಬುದರಲ್ಲೇ ಜಗಳ. ನಮ್ಮ ಕಡೆ ಎತ್ತು ಕೊಳ್ಳುವಾಗ ಎಂಟು ದಿನ ಮನೆಗೆ ತಂದು, ಹೂಡಿ ನೋಡಿ, ಆಮೇಲೆ ವ್ಯವಹಾರ ಮುಗಿಸುವ ವಾಡಿಕೆ. ಮಾಲಕರು ಮೋಟಾರ್ ಸೈಕಲ್ಲಿಗೂ ಅದನ್ನೇ ಮಾಡಿದರು. ಪರಿಚಯದವರ ಹಳೇ ಗಾಡಿಗಳು ಒಂದಾದ ಮೇಲೊಂದು ನಮ್ಮ ಅಂಗಳಕ್ಕೆ ಬಂದವು. ಮೊದಲು ಎಮ್ ಏಟಿ ಎಂಬ ಸಣ್ಣ ಗಾಡಿ ಬಂತು. ಹಿಂದೆ ಗೊಬ್ಬರದ ಚೀಲ, ಮುಂದೆ ಹಾಲಿನ ಕ್ಯಾನು, ಹೇರಿದ್ದನ್ನೆಲ್ಲ ಹೊತ್ತು ಪಟಪಟ ಎಂದು ಹೋಗುತ್ತಿತ್ತು. ಅಕ್ಕಾರಿಗೆ ಅದೇ ಮೆಚ್ಚುಗೆ. ಆಮೇಲೆ ರಾಜದೂತ, ಆಮೇಲೆ ಬುಲೆಟ್. ಬುಲೆಟ್ಟಿಗೆ ಓಣಿಯ ಹಿರಿಯರೆಲ್ಲ ಕೈ ಎತ್ತಿದರು, "ಮರ್ಯಾದಿ ಗಾಡಿ" ಎಂದರು. ಮಾಲಕರು ಎಲ್ಲವನ್ನೂ ಓಡಿಸಿದರು, ಎಲ್ಲದಕ್ಕೂ ಹೂಂ ಎಂದರು, ಯಾವುದನ್ನೂ ಕೊಳ್ಳಲಿಲ್ಲ.

ಆಗ ಬಂತು ಇಟಲಿ ಗಾಡಿ.

ಅಕ್ಕಾರ ಅಣ್ಣ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಯಾವನೋ ಇಟಲಿಯವನು ತನ್ನ ಊರಿಂದ ನೆಲದ ಮೇಲೇ ಓಡಿಸಿಕೊಂಡು ಗೋವಾಕ್ಕೆ ಬಂದು, ಅಲ್ಲೇ ಬಿಟ್ಟು ವಿಮಾನ ಹತ್ತಿದ್ದ ಗಾಡಿ ಅದು. ಸರಕಾರದ ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅಣ್ಣ ಹಿಡಿದುಬಿಟ್ಟಿದ್ದ. ಆದರೆ ಅವನ ಮೈಗೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸುವುದೂ ಆಗುತ್ತಿರಲಿಲ್ಲ. "ಭಾವಜೀ, ಎಂಟ ದಿನ ನೀವೂ ಹೂಡಿ ನೋಡ್ರಿ" ಎಂದು ಕಳಿಸಿಕೊಟ್ಟ. ಅಬ್ಬಾ, ಏನು ಗಾಡಿ ಅದು! ಎಂಜಿನ್ನಿನ ಎರಡು ಬುಂಡೆಗಳು ಪೆಟ್ರೋಲ್ ಟಾಕಿಯ ಎರಡೂ ಬದಿಗೆ ಹೊರಗೆ ಚಾಚಿದ್ದವು. ಚೈನೇ ಇರಲಿಲ್ಲ. ನಿಂತಲ್ಲೇ ಆಕ್ಸಲರೇಟರ್ ತಿರುವಿದರೆ ಇಡೀ ಗಾಡಿ ಬಲಕ್ಕೆ ಒಮ್ಮೆ ಒಲೆಯುತ್ತಿತ್ತು. ಎರಡು ಬದಿಗೂ ಚರ್ಮದ ಚೀಲ ಇದ್ದವಂತೆ. ಜೈನರ ಮನೆಗೆ ಚರ್ಮ ತರಬಾರದೆಂದು ಮಾಲಕರು ಅವನ್ನು ನಿಪ್ಪಾಣಿಯಲ್ಲೇ ಬಿಚ್ಚಿಸಿ, ಸ್ವೆಟರ್ ನೂಲಿನ ಕೈಚೀಲ ಕಟ್ಟಿಕೊಂಡು ಬಂದಿದ್ದರು.

ಮೂರನೇ ದಿನವೇ ಅದು ತೋಟದ ದಾರಿಯಲ್ಲಿ ಸಿಕ್ಕಿಬಿತ್ತು. ಮುಂಗಾರು ಆಗಷ್ಟೇ ಹಿಡಿದಿತ್ತು, ಎರೆ ಮಣ್ಣು. ಆ ಭಾರಕ್ಕೆ ಗಾಲಿ ಅರ್ಧ ಹೂತುಹೋಯಿತು. ಎತ್ತು ಹೂಡಿ, ಹಗ್ಗ ಕಟ್ಟಿ ಎಳೆಸಬೇಕಾಯಿತು. ಊರಿಗೆ ಊರೇ ನಗಾಡಿತು. ಅಕ್ಕಾರು ಅಂಗಳದಲ್ಲಿ ನಿಂತು ಒಂದೇ ಸವನೆ ಶುರು ಮಾಡಿದರು. "ಪೆಟ್ರೋಲ್ ಕುಡಿಯೂದರಾಗ ಇದರ ಹೊಟ್ಟಿಗೆ ತಳಾನ ಇಲ್ಲ. ಏನರ ಮುರದ್ರ ಸಾಮಾನ ತರಾಕ ಇಟಲಿಗೆ ಹೋಗ್ತೀರೇನ್ರಿ? ಎಮ್ ಏಟಿಗೆ ಏನ್ ಧಾಡಿ ಆಗೇತಿ?" ಮೈಯೆಲ್ಲ ಕೆಸರಾಗಿ ನಿಂತಿದ್ದ ಮಾಲಕರು ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು, "ಆಕಿ ಹೇಳೂದು ಖರೇನ ಐತ್ರಿ ನರ್ಸಬಾಯಾರ. ಇದು ಹೊಲಕ್ಕ ಹೋಗೂ ಗಾಡಿ ಅಲ್ಲ. ಇದು ಊರ ಬಿಡೂ ಗಾಡಿ." ಆಗ ಮಳೆ ಬಂತು, ಬಿಸಿ ಎಂಜಿನ್ ಹೊಗೆಯಾಡಿತು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಆ ವಾಸನೆ ಎಳೆದುಕೊಂಡರು...

ಹಾಗಾದರೆ ಊರು ಬಿಟ್ಟು ಎಲ್ಲಿಗಾದರೂ ಹೋಗಿಬರಬಾರದೇ ಎಂದು ನಾನು ಅಕ್ಕಾರನ್ನು ಕೇಳಿದೆ. ಅಕ್ಕಾರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನಿಮಗ ಗೊತ್ತಿಲ್ಲೇನ್ರಿ? ಅವ್ರು ದಿಗ್ವ್ರತ ತಗೊಂಡಾರ" ಎಂದರು.

ಲಗ್ನಕ್ಕೂ ಮುಂಚಿನ ಕಥೆ ಅದು. ಚಾತುರ್ಮಾಸಕ್ಕೆ ಬಂದಿದ್ದ ಮುನಿಮಹಾರಾಜರು ಊರಿಂದ ಹೊರಡುವ ದಿನ, ಬಸದಿಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಏನಾದರೊಂದು ಬಿಡುತ್ತೇನೆಂದು ನೇಮ ತಗೊಳ್ಳುತ್ತಿದ್ದರಂತೆ. ಹೆಚ್ಚಿನವರು ಬಟಾಟಿ ಬಿಟ್ಟರು, ಉಳ್ಳಾಗಡ್ಡಿ ಬಿಟ್ಟರು. ಹರೆಯದ ಮಾಲಕರಿಗೆ ಬಟಾಟಿ ಭಜಿ ಎಂದರೆ ಜೀವ, ಗುಟ್ಟಾಗಿ ಅಥಣಿಗೆ ಹೋಗಿ ತಿಂದು ಬರುವ ಚಟ. ಅದನ್ನು ಹೇಗೆ ಬಿಡುವುದು? ಅವರ ಸರದಿ ಬಂದಾಗ ದಿಕ್ಕುಗಳನ್ನೇ ಬಿಟ್ಟುಬಿಟ್ಟರು. ಈ ಕಡೆ ಅಥಣಿ, ಆ ಕಡೆ ನಿಪ್ಪಾಣಿ, ಮೇಲೆ ಕಾಗವಾಡ, ಕೆಳಗೆ ಚಿಕ್ಕೋಡಿ. ಇವನ್ನು ದಾಟಿ ಜೀವ ಇರುವವರೆಗೂ ಕಾಲಿಡುವುದಿಲ್ಲ ಎಂದರು. ದಿಗ್ವ್ರತ ಎಂದರೆ ಅದೇ, ತನ್ನ ಓಡಾಟಕ್ಕೆ ತಾನೇ ಗಡಿ ಹಾಕಿಕೊಳ್ಳುವುದು. ಅಷ್ಟು ಚಿಕ್ಕ ಹುಡುಗ ಅಷ್ಟು ದೊಡ್ಡ ನೇಮ ತಗೊಂಡನೆಂದು ಬಸದಿಯೆಲ್ಲ ಜಯಕಾರ ಹಾಕಿತಂತೆ. ನಾನು ಈ ಮಾತು ತೆಗೆದಾಗ ಮಾಲಕರು ನಕ್ಕರು. "ಆವಾಗ ನನ್ನ ಕಡೆ ಇದ್ದದ್ದು ಒಂದ ಸೈಕಲ್ರಿ. ನಿಪ್ಪಾಣಿ ಅಂದ್ರನ ಜಗತ್ತಿನ ಕಡೀ ತುದಿ ಅನಸತಿತ್ತು. ಬಟಾಟಿ ಭಜಿ ಉಳಿಸಕೊಳ್ಳಾಕ ಹೋಗಿ ಜಗತ್ತ ಬಿಟ್ಟೆ ನೋಡ್ರಿ." ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ. ಎಲ್ಲರೂ ಸಿನಿಮಾಕ್ಕೆಂದು, ದವಾಖಾನೆಗೆಂದು ವಾರವಾರ ಮಿರಜಿಗೆ ಹೋಗುತ್ತಿದ್ದರು. ಕಾಗವಾಡದಾಚೆ ಇಷ್ಟು ಹತ್ತಿರದ ಮಿರಜನ್ನೂ ಈ ಮನುಷ್ಯ ಇಪ್ಪತ್ತು ವರ್ಷಗಳಿಂದ ನೋಡಿರಲಿಲ್ಲ.

ಉಳಿದ ದಿನಗಳಲ್ಲಿ ಅವರು ತಮ್ಮ ಗಡಿಗಳನ್ನೆಲ್ಲ ಆ ಗಾಡಿಯ ಮೇಲೆ ಮುಟ್ಟಿ ಬಂದರು. ಒಂದು ದಿನ ಅಥಣಿ, ಒಂದು ದಿನ ಕಾಗವಾಡ. ಕಾಗವಾಡದಲ್ಲಿ ಮಿರಜಿನ ರಸ್ತೆ ಮುಂದೆ ಸಾಗುವಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ಹೋಗುವ ಬರುವ ಲಾರಿ ನೋಡುತ್ತ ಕೂತಿದ್ದರೆಂದು ಊರವರು ಬಂದು ಹೇಳಿದರು. ಹೊತ್ತು ಮುಳುಗುವ ಮೊದಲು ಊಟಕ್ಕೆ ಮನೆಗೆ ಬರುತ್ತಿದ್ದರು. ತಟ್ಟೆಯ ಮುಂದೆ ಕೂತಾಗಲೂ ಕಿವಿ ಅಂಗಳದ ಕಡೆಗೇ. ಆಸೆಪಟ್ಟ ಗಂಡಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಷ್ಟು ಆಸೆಯನ್ನು ಅಷ್ಟು ಸುಮ್ಮನೆ ಇಟ್ಟುಕೊಂಡವರನ್ನು ಮತ್ತೆ ಕಾಣಲಿಲ್ಲ.

ಅದು ಅಕ್ಕಾರಿಗೂ ತಟ್ಟಿತ್ತು. ಗಾಡಿ ಮರಳಿಸುವ ಹಿಂದಿನ ದಿನ ಮುಂಜಾನೆ ಎಮ್ಮೆ ಹಿಂಡುತ್ತಲೇ ಗಂಡನಿಗೆ ಕೇಳುವಂತೆ ಅಂದರು. "ನೇಮ ನಿಮ್ಮದು. ನಂದೇನ್ ಅಲ್ಲಲ್ಲ. ನಿಪ್ಪಾಣಿ ತನಕ ನೀವು ಬಿಡ್ರಿ, ಮುಂದ ನಾ ಬಸ್ಸಿಗೆ ಹೋಗಿ ಸಮುದ್ರ ನೋಡಿ ಬರ್ತೀನಿ. ಇವರೂ ಬರ್ತಾರ." ಇವರು ಎಂದರೆ ನಾನು! ನನ್ನನ್ನು ಯಾರೂ ಕೇಳಿರಲೇ ಇಲ್ಲ. ಮಾಲಕರು ಎದ್ದು ಹೋಗಿ ಗಾಡಿ ಒರೆಸತೊಡಗಿದರು.

ಮರುದಿನ ಅಕ್ಕಾರು ಸೀರೆಯ ಸೆರಗನ್ನು ತಲೆಗೆ ಬಿಗಿಯಾಗಿ ಕಟ್ಟಿ ಆ ಇಟಲಿ ಗಾಡಿಯ ಹಿಂದೆ ಕೂತರು. ನಾನು ನಸುಕಿನ ಬಸ್ಸಿಗೇ ಹೋಗಿ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಕುಡಚಿಯ ಸೇತುವೆ, ರಾಯಬಾಗ, ಚಿಕ್ಕೋಡಿ ಎಲ್ಲ ಹಾದು ಗುಡುಗುಡು ಎನ್ನುತ್ತ ಬಂದು ನಿಂತರು ನೋಡಿ, ಇಬ್ಬರ ಮುಖದಲ್ಲೂ ಹೊಸದಾಗಿ ಲಗ್ನವಾದವರ ಕಳೆ! ಇನ್ನು ಮುಂದೆ ಮಾಲಕರು ಬರುವಂತಿರಲಿಲ್ಲ. ಅಕ್ಕಾರ ಅಣ್ಣನ ಮನೆಯಲ್ಲಿ ಉಳಿದರು. ನಾವಿಬ್ಬರೂ ಸಾವಂತವಾಡಿಯ ಬಸ್ಸು ಹತ್ತಿದೆವು. ಬಸ್ಸು ಹೊರಟಾಗ ಅವರು ಕೈ ಬೀಸಲಿಲ್ಲ. ಕಿಡಕಿಯ ಹತ್ತಿರ ಬಂದು ಹೆಂಡತಿಗೆ ಇಷ್ಟೇ ಹೇಳಿದರು, "ಚೆಂದಂಗ ನೋಡ."

ಅಂಬೋಲಿ ಘಾಟ್ ಬಂತು. ಮಂಜು, ಮಳೆ, ಸುತ್ತು ಮೇಲೆ ಸುತ್ತು. ನರ್ಸ್ ಎನ್ನಿಸಿಕೊಂಡ ನಾನು ಲಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿದವಳು ಸಾವಂತವಾಡಿಯಲ್ಲೇ ತೆರೆದದ್ದು. ಅಕ್ಕಾರು ಘಾಟ್ ಮುಗಿಯುವ ತನಕ ತಲೆಯನ್ನು ಕಿಡಕಿಯ ಹೊರಗಿಟ್ಟು ವಾಂತಿ ಮಾಡಿದರು. ಅಲ್ಲಿಂದ ವೆಂಗುರ್ಲಾ. ಸಮುದ್ರ ಕಂಡೊಡನೆ ಅಕ್ಕಾರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. "ಯವ್ವಾ, ಇಷ್ಟ ನೀರ ಸೋಸಾಕ ಎಷ್ಟ ಅರಿವಿ ಬೇಕಾದೀತು!" ಎಂದರು. ದಂಡೆಯಲ್ಲಿ ಕೂತು ಹೊತ್ತು ಮುಳುಗುವ ಮೊದಲು ಚಪಾತಿ, ಶೇಂಗಾ ಹಿಂಡಿ ತಿಂದೆವು. ರಾತ್ರಿ ನನ್ನ ಗೆಳತಿಯೊಬ್ಬಳ ಮನೆಯಲ್ಲಿ ಉಳಿದು ಮರುದಿನ ನಿಪ್ಪಾಣಿಗೆ ಬಂದೆವು, ಘಾಟಿನಲ್ಲಿ ನಾನು ಮತ್ತೆ ಕಣ್ಣು ಮುಚ್ಚಿದ್ದೆ.

ಮಾಲಕರು ಸ್ಟ್ಯಾಂಡಿನಲ್ಲೇ ಇದ್ದರು. ನಾನು ಸಮುದ್ರದ ಬಣ್ಣ, ತೆರೆ, ಸದ್ದು ಎಲ್ಲ ಹೇಳಬೇಕೆಂದು ಬಾಯಿ ತೆರೆದೆ. ಅವರು ಸಮುದ್ರದ ಸುದ್ದಿಯನ್ನೇ ಕೇಳಲಿಲ್ಲ.

"ರಸ್ತಾ ಹೆಂಗಿತ್ತು?" ಎಂದರು.

ರಸ್ತೆಯನ್ನು ನಾನೆಲ್ಲಿ ನೋಡಿದ್ದೆ! ಇಷ್ಟು ದಿನ ಜೊತೆಗಿದ್ದೂ ಆ ಮನುಷ್ಯನಿಗೆ ಬೇಕಾದದ್ದು ದಾರಿ, ಊರಲ್ಲ ಎಂದು ನನಗೆ ಹೊಳೆದಿರಲಿಲ್ಲ. ಹೆಂಡತಿಗೆ ಹೊಳೆದಿತ್ತು. ಅಕ್ಕಾರು ಅಲ್ಲೇ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಶುರು ಮಾಡಿದರು. "ಆಜರಾ ತನಕ ಸರಳ ಐತ್ರಿ, ಎರಡೂ ಕಡೆ ಗೋಡಂಬಿ ಗಿಡ. ಅಂಬೋಲಿ ಬಿಟ್ಟ ಕೂಡ್ಲೆ ಮದಲನೇ ವಳಣ, ಬಲಕ್ಕ. ಡ್ರೈವರ್ ಗೇರ್ ಇಳಿಸಿದಾ, ಘರ್ ಅಂತು. ಎಡಕ್ಕ ದರಿ, ತಳಾನ ಕಾಣೂದಿಲ್ಲ. ಮುಂದ ಒಂದು ನೀರು ಬೀಳತೈತಿ, ರಸ್ತಾದ ಮ್ಯಾಲೇ ತುಂತುರ ಬಡಿತೈತಿ, ಅಲ್ಲೆ ಸಾವಕಾಶ ಹೋಗಬೇಕು..." ತಿರುವು ಮೇಲೆ ತಿರುವು, ಒಂದನ್ನೂ ಬಿಡದೆ ಹೇಳಿದರು. ವಾಂತಿ ಮಾಡಿಕೊಳ್ಳುತ್ತಲೇ ಇಡೀ ರಸ್ತೆಯನ್ನು ಗಂಡನಿಗಾಗಿ ಕಣ್ಣಲ್ಲಿ ತುಂಬಿಕೊಂಡು ಬಂದಿದ್ದಳು ಆ ತಾಯಿ. ಮಾಲಕರು ಕಣ್ಣು ಮುಚ್ಚಿ ಕೇಳುತ್ತಿದ್ದರು. ತೊಡೆಯ ಮೇಲಿದ್ದ ಅವರ ಬಲಗೈ ತಿರುವು ಬಂದಾಗೆಲ್ಲ ಸಡಿಲಾಗುತ್ತಿತ್ತು, ರಸ್ತೆ ಸರಳವಾದಾಗ ಮಣಿಕಟ್ಟು ಮೆಲ್ಲಗೆ ತಿರುಗುತ್ತಿತ್ತು...

ಗಾಡಿಯನ್ನು ಅಂದೇ ಭಾವಮೈದುನನಿಗೆ ಒಪ್ಪಿಸಿ ಮೂವರೂ ಬಸ್ಸಿನಲ್ಲಿ ಶೇಡಬಾಳಕ್ಕೆ ಬಂದೆವು. ಮುಂದಿನ ವಾರ ಎಮ್ ಏಟಿ ಬಂತು. ಗೊಬ್ಬರ, ಹಾಲು, ಮೇವು ಎಲ್ಲ ಹೊತ್ತು ಅದು ವರ್ಷಗಟ್ಟಲೆ ದುಡಿಯಿತು. ಒಂದು ದಿನವೂ ಕೈ ಕೊಡಲಿಲ್ಲ. ಆ ಇಟಲಿ ಗಾಡಿಯ ಸುದ್ದಿಯನ್ನು ಮಾಲಕರು ಮತ್ತೆ ಎತ್ತಲಿಲ್ಲ. ಮಳೆಗಾಲ ಹಿಡಿದಾಗ ಮಾತ್ರ, ಕಟ್ಟೆಯ ಮೇಲೆ ಕೂತು, "ಘಾಟಿನ ಸುದ್ದಿ ಒಮ್ಮೆ ಹೇಳ" ಎಂದು ಹೆಂಡತಿಗೆ ಅನ್ನುತ್ತಿದ್ದರು. ಅಕ್ಕಾರು ಬೈಯುತ್ತಲೇ ಆಜರಾದಿಂದ ಶುರು ಮಾಡುತ್ತಿದ್ದರು.

ನನಗೆ ಏಕಸಂಬಿಗೆ ವರ್ಗವಾಯಿತು. ಹಬ್ಬಕ್ಕೆ, ಲಗ್ನಕ್ಕೆ ಹೋಗಿಬರುವುದಿತ್ತು. ತೊಂಬತ್ತರ ದಶಕದ ಕೊನೆಗೆ ಅಕ್ಕಾರು ಹೇಳಿ ಕಳಿಸಿದರು. ಹೋಗಿ ನೋಡಿದರೆ ಮಾಲಕರ ಎದೆ ಸೋತಿತ್ತು, ಕೂತರೂ ಏದುಸಿರು. ಮಿರಜಿಗೆ ಒಯ್ಯಬೇಕು, ತಡ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಔಷಧೋಪಚಾರಕ್ಕೆ ಗಡಿ ದಾಟಿದರೆ ದೋಷವಿಲ್ಲ ಎಂದು ಬಸದಿಯ ಹಿರಿಯರೇ ಬಂದು ತಿಳಿಸಿ ಹೋಗಿದ್ದರು. ಇವರು ಮಾತ್ರ ಒಲ್ಲೆ ಎನ್ನುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ, ಹಟಮಾರಿ ಎಂದೆ, ಅಕ್ಕಾರ ಮುಖವನ್ನಾದರೂ ನೋಡಿ ಎಂದು ಅತ್ತೆ. ಅವರು ನಗಲು ನೋಡಿದರು, ಉಸಿರು ಸಾಲಲಿಲ್ಲ.

"ಅಂಥಾ ಗಾಡಿ ಮ್ಯಾಲ ಕುಂತಾಗ ದಾಟಲಿಲ್ರಿ ನರ್ಸಬಾಯಾರ. ಈಗ ಮಲಕೊಂಡು ದಾಟಲೇನು?"

ನಾಡಿ ನೋಡಲೆಂದು ಬಲಗೈ ಹಿಡಿದೆ. ಅದೇ ಮಣಿಕಟ್ಟು. ಅದೇ ವಾರ ಮನೆಯಲ್ಲೇ ತೀರಿಹೋದರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ, ಸುಳ್ಳೇಕೆ ಹೇಳಲಿ. ಅಕ್ಕಾರು ಆಮೇಲೆ ನಾಲ್ಕು ಮಳೆಗಾಲ ಕಂಡರು. ನಾನು ಹೋದಾಗೆಲ್ಲ ಕಟ್ಟೆಯ ಮೇಲೆ ಕೂರುತ್ತಿದ್ದೆವು, ಘಾಟಿನ ಸುದ್ದಿ ಇಬ್ಬರೂ ತೆಗೆಯುತ್ತಿರಲಿಲ್ಲ.

ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದ ಹುಡುಗ ಒಳಗೆ ಬಂದು ನನ್ನನ್ನೇ ಕೇಳಿದ. "ಆಂಟಿ, ಅಂಬೋಲಿ ಘಾಟಿಗೆ ಇಲ್ಲಿಂದನ ತಿರುಗಬೇಕೇನ್ರಿ?" ಹೌದಪ್ಪಾ ಎಂದೆ. ಅಷ್ಟಕ್ಕೇ ನಿಲ್ಲಬೇಕಿತ್ತು, ನಿಲ್ಲಲಾಗಲಿಲ್ಲ. ಆಜರಾ ತನಕ ಸರಳ, ಎರಡೂ ಕಡೆ ಗೋಡಂಬಿ, ಅಂಬೋಲಿ ಬಿಟ್ಟೊಡನೆ ಬಲಕ್ಕೆ ಮೊದಲ ವಳಣ, ನೀರು ಬೀಳುವಲ್ಲಿ ಸಾವಕಾಶ... ನಾನು ಕಣ್ಣು ಮುಚ್ಚಿ ದಾಟಿದ ರಸ್ತೆಯನ್ನು ಅಕ್ಕಾರ ಮಾತಿನಲ್ಲೇ ಕಡೆಯವರೆಗೆ ಹೇಳಿದೆ. ಹುಡುಗ ಬೆರಗಾಗಿ, "ಬಾಳ ಸಲ ಹೋಗೀರೇನ್ರಿ?" ಎಂದು ನಕ್ಕು, ಚಹಾ ಮುಗಿಸಿ ಗಾಡಿ ಹತ್ತಿದ.

ತಿರುಗಿ ಬರುವಾಗ ಇಲ್ಲೇ ನಿಂತು ರಸ್ತಾ ಹೆಂಗಿತ್ತು ಹೇಳಿ ಹೋಗಪ್ಪಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವನು ಬಂದು ಹೇಳಿದರೂ, ನಾನದನ್ನು ಯಾರಿಗೆ ಹೋಗಿ ಹೇಳಲಿ?