ಜನ ಕೇಳದೆ ಕೋಣೆ ಕೊಟ್ಟವಳು

ಮಂಡಿಕಲ್ ಕಡೆಯ ನಮ್ಮ ಕೇರಿಯಿಂದ ದಾದಿ ಕೆಲಸ ಕಲಿಯೋಕೆ ಬೆಂಗಳೂರಿಗೆ ಹೋದ ಮೊದಲನೇ ಹೆಂಗಸು ನಮ್ಮಕ್ಕ ಅಕ್ಕಯಮ್ಮ. ಈಗ ಎಲ್ಲರೂ ಅದನ್ನ ಎದೆ ಉಬ್ಬಿಸಿ ಹೇಳ್ತಾರೆ. ಆಗ ಜೊತೆಗೆ ಬನ್ನಿ ಅಂದರೆ ಒಬ್ಬರೂ ಜಗುಲಿ ಬಿಟ್ಟು ಏಳಲಿಲ್ಲ. ಹೋದವಳು ನಾನು, ಅವಳ ತಂಗಿ ಮುನಿಶಾಮಮ್ಮ. ನಾನು ಯಾರನ್ನೂ ಬೇಗ ನಂಬೋಳಲ್ಲ.

ಅದು ಅರವತ್ತೊಂದನೇ ಇಸವಿ. ಆಸ್ಪತ್ರೆಯ ಹಾಸ್ಟೆಲ್ ತುಂಬಿಹೋಗಿತ್ತು. ಸೋಮವಾರ ತರಬೇತಿ ಶುರು. ಅಷ್ಟರೊಳಗೆ ಒಂದು ಕೋಣೆ ಸಿಗದಿದ್ದರೆ ಊರಿಗೆ ವಾಪಸ್ಸು, ಮತ್ತೆ ಅದೇ ಕಳೆ ಕೀಳೋ ಕೂಲಿ. ಚಿಕ್ಕಬಳ್ಳಾಪುರದಲ್ಲಿ ಸಣ್ಣ ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು, ಶ್ರೀರಾಮಪುರದ ಬೀದಿ ಬೀದಿ ಅಲೆದೆವು. ಹೋದ ಕಡೆಯೆಲ್ಲ ಕೋಣೆ ತೋರಿಸೋರು, ಊರು ಕೇಳೋರು, ಆಮೇಲೆ ನಿಧಾನಕ್ಕೆ "ಯಾವ ಜನ?" ಅನ್ನೋರು. ಅಕ್ಕ ಇದ್ದದ್ದು ಇದ್ದ ಹಾಗೆ ಹೇಳೋಳು. ಕೂಡಲೇ ಆ ಕೋಣೆ ಯಾರೋ ನೆಂಟರಿಗೆ ಮಾತಾಗಿಬಿಟ್ಟಿರೋದು. ಅದೆಷ್ಟು ನೆಂಟರಪ್ಪ ಆ ಊರಲ್ಲಿ. ನನಗೆ ಮೈಯೆಲ್ಲ ಉರೀತಿತ್ತು.

"ಏನೋ ಒಂದು ಸುಳ್ಳು ಹೇಳೇ," ಅಂದೆ.

"ಒಂದು ಸುಳ್ಳಿಗೆ ದಿನಾ ಕಾವಲಿರಕ್ಕೆ ನನ್ ಕೈಲಾಗಲ್ಲ ಕಣೇ," ಅಂದಳು.

ಕೊನೆಗೆ ಸಿಕ್ಕಿದ್ದು ಗಂಗುಲಮ್ಮ ಅನ್ನೋಳ ವಠಾರ. ಒಂದೇ ಕೋಣೆ; ಒಲೆ, ಚಾಪೆ, ಟ್ರಂಕು ಎಲ್ಲ ಅದರಲ್ಲೇ. ಗಂಗುಲಮ್ಮ ಊರು ಕೇಳಿದಳು, ಊಟ ಆಯ್ತಾ ಅಂದಳು, ಬೀಗದಕೈ ಕೊಟ್ಟಳು. ಅಷ್ಟೇ.

ಅದೇ ನನಗೆ ಹಿಡಿಸಲಿಲ್ಲ. ಜನ ಕೇಳದೆ ಮನೆ ಕೊಡೋರು ಎಲ್ಲಾದರೂ ಉಂಟಾ? ಈ ಕೋಣೇಲಿ ಯಾರೋ ನೇಣು ಹಾಕ್ಕೊಂಡಿರಬೇಕು, ಇಲ್ಲ ಈಕೆ ಒಂಟಿ ಹೆಂಗಸರನ್ನ ಸೇರಿಸ್ಕೊಂಡು ಇನ್ನೇನೋ ನಡೆಸ್ತಿರಬೇಕು ಅಂದ್ಕೊಂಡೆ. ಗೋಡೆ ತಟ್ಟಿ ನೋಡಿದೆ, ಅಗಳಿ ಎಳೆದು ನೋಡಿದೆ. ಪಕ್ಕದ ಕೋಣೆಯ ವರಲಕ್ಷ್ಮಮ್ಮ ಬೇರೆ ಬಾಗಿಲಲ್ಲಿ ನಿಂತು ನಮ್ಮ ಟ್ರಂಕನ್ನೇ ನೋಡ್ತಿದ್ದಳು.

"ನೀನು ಹಿಂಗಾಡಿದ್ರೆ ಅವರೇ ನಮ್ಮ ಮೇಲೆ ಅನುಮಾನ ಪಡ್ತಾರೆ. ಸುಮ್ಕಿರು," ಅಂದಳು ಅಕ್ಕ.

ಬೆಳಿಗ್ಗೆ ಅಕ್ಕ ಬಿಂದಿಗೆ ಹಿಡಿದು ವಠಾರದ ನಲ್ಲಿಗೆ ಹೋದಳು. ಅಲ್ಲಿ ಯಾರೂ ಇರಲಿಲ್ಲ. ಆದರೂ ನಲ್ಲಿಯಿಂದ ದೂರದಲ್ಲೇ ಬಿಂದಿಗೆ ಕೆಳಗಿಟ್ಟು, ಸೆರಗು ಹೊದ್ದು ನಿಂತುಬಿಟ್ಟಳು. ನಮ್ಮೂರಲ್ಲಿ ಹಂಗೇ. ಊರ ಬಾವಿ ನಾವು ಮುಟ್ಟೋ ಹಂಗಿರಲಿಲ್ಲ, ಯಾರಾದರೂ ಬಂದು ಸೇದಿ ಹುಯ್ಯೋವರೆಗೂ ಕಾಯಬೇಕು. ನಲ್ಲಿಗೆ ಸೇದೋರು ಬೇಡ ಅಂತ ಅವಳಿಗೆ ಹೊಳೆಯಲೇ ಇಲ್ಲ.

ಅಂಗಳ ಗುಡಿಸ್ತಿದ್ದ ಗಂಗುಲಮ್ಮ ಅದನ್ನ ನೋಡಿಬಿಟ್ಟಳು. ಪೊರಕೆ ಹಾಗೇ ನಿಂತಿತು. ಗೊತ್ತಾಗಿಹೋಯ್ತು, ಇನ್ನು ಟ್ರಂಕು ಎತ್ತೋದೇ ಅಂದ್ಕೊಂಡೆ. ಬಾಗಿಲಲ್ಲಿ ನಿಂತಿದ್ದವಳು ಅಕ್ಕನ ಹತ್ತಿರ ಓಡಿದೆ. ಆಕೆ ಅತ್ತಿತ್ತ ನೋಡಿ, ಅಕ್ಕನ ಪಕ್ಕಕ್ಕೆ ಬಂದು, ಬಿಂದಿಗೆ ತಾನೇ ಎತ್ತಿ ಅವಳ ಸೊಂಟಕ್ಕಿಟ್ಟಳು.

"ನಾನೂ ಬಂದ ಹೊಸದರಲ್ಲಿ ಹಿಂಗೇ ನಿಂತ್ಕೊಂಡಿದ್ದೆ ಕಣಮ್ಮ. ಹೋಗು, ನೀನೇ ತಿರುಗಿಸ್ಕೋ," ಅಂದಳು. ಆಮೇಲೆ ದನಿ ತಗ್ಗಿಸಿದಳು. "ಇನ್ನೊಂದು ಸಲ ಮಾತ್ರ ಹಿಂಗೆ ನಿಲ್ಲಬೇಡ. ನಾನು ಯಾರು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದ್ರೆ ವಠಾರ ಪೂರ್ತಿ ಖಾಲಿಯಾಗ್ತದೆ."

ಅಕ್ಕ ನಲ್ಲಿ ತಿರುಗಿಸಿದಳು. ತರಬೇತಿ ಮುಗಿಯೋವರೆಗೂ ಅದೇ ಕೋಣೇಲಿದ್ದಳು. ಅಷ್ಟು ದಿನವೂ ಅವಳೂ ಗಂಗುಲಮ್ಮನೂ ಅಂಗಳದಲ್ಲಿ ಎದುರಾದರೆ ಮಾತೇ ಆಡ್ತಿರಲಿಲ್ಲ. ಸಲುಗೆ ಕಂಡರೆ ವರಲಕ್ಷ್ಮಮ್ಮನಿಗೆ ಅನುಮಾನ ಬರ್ತದೆ ಅಂತ.